ಐನೂರ ಎಪ್ಪತ್ತೇಳು ಡಿಗ್ರಿಯ ಲ್ಯಾಬ್ ಸಾರ್

ಅವರ ಬಲಗೈಯ ಮೂರು ಬೆರಳುಗಳ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಮೂವತ್ತು ವರ್ಷ ಲೋಹದ ಚೂರುಗಳನ್ನು ಎಮರಿ ಕಾಗದದ ಮೇಲೆ ಉಜ್ಜಿ ಉಜ್ಜಿ ಚರ್ಮ ಹುಣಸೆಬೀಜದ ಹಾಗೆ ನುಣ್ಣಗಾಗಿಬಿಟ್ಟಿತ್ತು. ಕಾರ್ಖಾನೆಯ ಗೇಟಿನಲ್ಲಿ ಹಾಜರಿಗೆಂದು ಬೆರಳಚ್ಚಿನ ಯಂತ್ರ ಹಾಕಿದಾಗ ಅದು ಅವರನ್ನು ಒಪ್ಪಲೇ ಇಲ್ಲ. ಎಷ್ಟು ಸಲ ಬೆರಳಿಟ್ಟರೂ ಕೆಂಪು ದೀಪ. ಹಿಂದೆ ಸಾಲಿನಲ್ಲಿ ನಿಂತವರು ಮುಸಿಮುಸಿ ನಗುತ್ತಿದ್ದರು. ಕೊನೆಗೆ ಗೇಟಿನ ಸೆಕ್ಯೂರಿಟಿಯವನು ಅವರೊಬ್ಬರಿಗಾಗಿ ಒಂದು ನೋಟ್‌ಬುಕ್ಕು ಇಟ್ಟ. ಅದರಲ್ಲಿ ಸೈನ್ ಹಾಕುತ್ತಾ ಅವರು, "ನಾನು ಮನುಷ್ಯ ಅಂತ ಈ ಯಂತ್ರಕ್ಕೆ ಅನ್ನಿಸ್ತಾ ಇಲ್ಲ. ಇಲ್ಲಿರೋದ್ರಲ್ಲಿ ಅದಕ್ಕೊಂದಕ್ಕಾದ್ರೂ ಬುದ್ಧಿ ಇದೆ" ಅನ್ನುತ್ತಿದ್ದರು.

ಕಾರ್ಖಾನೆ ಇದ್ದದ್ದು ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದಲ್ಲಿ. ಅಲ್ಯೂಮಿನಿಯಂ ಕರಗಿಸಿ, ಅಚ್ಚಿಗೆ ಹೊಯ್ದು ಬೈಕುಗಳ ಬಿಡಿಭಾಗ ಮಾಡುವುದು ಅಲ್ಲಿನ ಕೆಲಸ. ಕರಗಿದ ಲೋಹ ಸರಿಯಾಗಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡಿ ಹೇಳುವ ಸಣ್ಣ ಲ್ಯಾಬಿಗೆ ಅವರು ಮುಖ್ಯಸ್ಥರು. ಮ್ಯಾನೇಜರಿಂದ ಹಿಡಿದು ನೆಲ ಗುಡಿಸುವವರವರೆಗೆ ಎಲ್ಲರಿಗೂ ಅವರು ಲ್ಯಾಬ್ ಸಾರ್. ನಾನು ಕುಂದಾಣದ ಪಕ್ಕದ ಹಳ್ಳಿಯವಳು. ಡಿಪ್ಲೊಮಾ ಮುಗಿಸಿ ಅವರ ಕೈಕೆಳಗೆ ಕೆಲಸಕ್ಕೆ ಸೇರಿದೆ. ನಾಲ್ಕು ವರ್ಷ ಜೊತೆಯಲ್ಲಿದ್ದರೂ ಅವರ ಬಾಯಲ್ಲಿ ನನ್ನ ಹೆಸರು ಒಂದು ದಿನವೂ ಬರಲಿಲ್ಲ. "ಏ ಕುಂದಾಣ" ಎಂದೇ ಕರೆಯುತ್ತಿದ್ದರು.

ಇಂಟರ್ವ್ಯೂಗೆ ಹನ್ನೊಂದು ಜನ ಬಂದಿದ್ದೆವು. ಹೆಣ್ಣು ನಾನೊಬ್ಬಳೇ. ಶಿಫ್ಟಿನ ಕೆಲಸಕ್ಕೆ ಹೆಣ್ಣುಮಗಳು ಬೇಡ ಅಂತ ಮ್ಯಾನೇಜರ್ ನನ್ನೆದುರೇ ಹೇಳಿದರು. ಲ್ಯಾಬ್ ಸಾರ್ ಅದಕ್ಕೆ ಕಿವಿಗೊಡಲಿಲ್ಲ. ನನ್ನ ಅಂಕಪಟ್ಟಿಯನ್ನೂ ತೆರೆಯಲಿಲ್ಲ. ಬಾಗಿಲ ಹತ್ತಿರ ನೇತುಹಾಕಿದ್ದ ಕ್ಯಾಲೆಂಡರಿನ ಕಡೆ ಕೈ ತೋರಿಸಿ, "ಕೆಳಗಡೆ ಸಣ್ಣಕ್ಷರದಲ್ಲಿ ಏನ್ ಬರ್ದಿದೆ, ಕೂತಲ್ಲಿಂದ್ಲೇ ಓದು" ಎಂದರು. ಅಚ್ಚುಹಾಕಿದ ಪ್ರೆಸ್ಸಿನ ವಿಳಾಸವಿತ್ತು. ಓದಿದೆ. "ಇವಳು ಸಾಕು. ಉಳಿದೋರನ್ನ ಕಳ್ಸಿ" ಎಂದರು. ಊರಿಗೆ ಹೋಗಿ ಅಪ್ಪನಿಗೆ ಹೇಳಿದಾಗ ಅಪ್ಪ ತುಂಬ ಹೊತ್ತು ನಕ್ಕರು. ಕ್ಯಾಲೆಂಡರ್ ಓದಿ ಕೆಲಸ ಗಿಟ್ಟಿಸಿದವಳು ಅಂತ ಹೊಲದ ನೆರೆಯವರಿಗೆಲ್ಲ ಹೇಳಿಕೊಂಡು ತಿರುಗಿದರು.

ಲ್ಯಾಬಿನ ಗೋಡೆಯ ಮೇಲೆ ಒಂದು ದೊಡ್ಡ ಚಿತ್ರ ಇತ್ತು. ಗ್ರಾಫ್ ಹಾಳೆಗಳನ್ನು ಅಂಟಿಸಿ ಅವರೇ ಕೈಯಾರೆ ಬರೆದದ್ದು. ಅಲ್ಯೂಮಿನಿಯಂ ಮತ್ತು ಸಿಲಿಕಾನ್ ಬೆರೆತರೆ ಯಾವ ಪ್ರಮಾಣದಲ್ಲಿ, ಯಾವ ಶಾಖದಲ್ಲಿ ಏನಾಗುತ್ತದೆ ಎಂದು ತೋರಿಸುವ ನಕ್ಷೆ. ಕಾಲೇಜಿನಲ್ಲಿ ನಾನೂ ಅದನ್ನು ಬರೆದಿದ್ದೆ, ಪರೀಕ್ಷೆಗೆ ಬಾಯಿಪಾಠ ಮಾಡಿ. ಮೊದಲ ವಾರ ಅವರು ನನಗೆ ಏನನ್ನೂ ಮುಟ್ಟಲು ಬಿಡಲಿಲ್ಲ. ಚಿತ್ರದ ಮುಂದೆ ನಿಲ್ಲಿಸಿದರು. ಕುರ್ಚಿ ಕೊಡಲಿಲ್ಲ.

"ಏನ್ ಕಾಣ್ತಿದೆ?"

"ಗೆರೆಗಳು ಸಾರ್."

"ಗೆರೆ ನಿಮ್ಮಪ್ಪನ ಹೊಲದಲ್ಲೂ ಇರುತ್ತೆ. ಬದು ಅಂತೀರಲ್ಲ. ಬದು ನೋಡಿ ಏನ್ ಹೇಳ್ತೀಯ ಊರಲ್ಲಿ?"

"ಈ ಕಡೆ ನಮ್ದು, ಆ ಕಡೆ ಬೇರೆಯೋರ್ದು ಅಂತ."

"ಹಾಗಾದ್ರೆ ಇಲ್ಲೂ ಹೇಳು. ಈ ಗೆರೆ ಆಚೆ ಯಾರಿದಾರೆ, ಈಚೆ ಯಾರಿದಾರೆ? ಗೆರೆ ಬಾಯಿಪಾಠ ಮಾಡ್ಬೇಡ, ಕತ್ತೆ."

ಮೂರನೆಯ ದಿನ ಕಾಲು ಊದಿಕೊಂಡಿತು. ನಾಲ್ಕನೆಯ ದಿನ ನನಗೆ ಅದು ಕಂಡಿತು. ಎಡತುದಿಯಲ್ಲಿ ಬರೀ ಅಲ್ಯೂಮಿನಿಯಂ, ಅದು ಕರಗುವುದು ಆರುನೂರ ಅರವತ್ತು ಡಿಗ್ರಿಗೆ. ಬಲತುದಿಯಲ್ಲಿ ಬರೀ ಸಿಲಿಕಾನ್, ಅದಕ್ಕೆ ಸಾವಿರದ ನಾನೂರರ ಮೇಲೆ ಬೇಕು. ಎರಡೂ ಕಡೆಯಿಂದ ಎರಡು ಗೆರೆ ಇಳಿಯುತ್ತಾ ಬಂದು ಒಂದು ಬಿಂದುವಿನಲ್ಲಿ ಸೇರುತ್ತವೆ. ನೂರಕ್ಕೆ ಸುಮಾರು ಹನ್ನೆರಡೂವರೆ ಪಾಲು ಸಿಲಿಕಾನ್ ಬೆರೆತ ಜಾಗ, ಐನೂರ ಎಪ್ಪತ್ತೇಳು ಡಿಗ್ರಿ. ಎರಡೂ ಲೋಹ ಒಂಟಿಯಾಗಿ ಕರಗುವ ಶಾಖಕ್ಕಿಂತ ಕೆಳಗೆ. ಗೆರೆಗಳ ಮೇಲೆ ಎಲ್ಲವೂ ನೀರು. ಬಿಂದುವಿನ ಕೆಳಗೆ ಎಲ್ಲವೂ ಗಟ್ಟಿ. ನಡುವಿನ ಎರಡು ಮೂಲೆಗಳಲ್ಲಿ ಮಾತ್ರ ಅರ್ಧಂಬರ್ಧ, ಮುದ್ದೆಗೆ ಹಿಟ್ಟು ಹಾಕಿ ಇನ್ನೂ ತಿರುವದೆ ಬಿಟ್ಟ ಹಾಗೆ. ಬಿಂದುವಿನ ಎಡಕ್ಕಿದ್ದರೆ ಮೊದಲು ಗಟ್ಟಿಯಾಗುವುದು ಅಲ್ಯೂಮಿನಿಯಂ. ಮೈಕ್ರೋಸ್ಕೋಪಿನಲ್ಲಿ ಬಿಳಿ ಕೊಂಬೆಗಳ ಹಾಗೆ ಕಾಣುತ್ತದೆ. ಬಲಕ್ಕಿದ್ದರೆ ಮೊದಲು ಸಿಲಿಕಾನ್. ಬೂದುಬಣ್ಣದ ಮೂಲೆಮೂಲೆಯ ಕಲ್ಲುಗಳು. ಸರಿಯಾಗಿ ಬಿಂದುವಿನ ಮೇಲಿದ್ದರೆ ಕೊಂಬೆಯೂ ಇಲ್ಲ, ಕಲ್ಲೂ ಇಲ್ಲ, ಸಣ್ಣ ಸೂಜಿಗಳ ನೇಯ್ಗೆ ಅಷ್ಟೆ. ನಮ್ಮ ಕಾರ್ಖಾನೆಗೆ ಬೇಕಾದದ್ದು ಆ ನೇಯ್ಗೆ. ಕಲ್ಲು ಬಿದ್ದ ಲೋಹ ಏಟಿಗೆ ಒಡೆಯುತ್ತದೆ.

ಇದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿ ಅವರ ಮುಖ ನೋಡಿದೆ. "ಇಷ್ಟಕ್ಕೆ ನಾಲ್ಕು ದಿನ" ಎಂದರು. ಆಮೇಲೆ ಕುರ್ಚಿ ಕೊಟ್ಟರು.

ನಡುವಿನ ಮೂಲೆಗಳಲ್ಲಿ ಗಟ್ಟಿ ಎಷ್ಟು, ನೀರು ಎಷ್ಟು ಎಂದು ಲೆಕ್ಕ ಹಾಕುವುದಕ್ಕೆ ಒಂದು ತಕ್ಕಡಿ ಸೂತ್ರವಿದೆ. ತಕ್ಕಡಿಯ ಎರಡು ತೋಳಿನ ಉದ್ದ ಅಳೆಯಬೇಕು. ಗಟ್ಟಿಯ ಪಾಲು ಬೇಕಾದರೆ ಗಟ್ಟಿಯ ಕಡೆಯ ತೋಳನ್ನಲ್ಲ, ಎದುರಿನ ತೋಳನ್ನು ಹಿಡಿಯಬೇಕು. ಎಲ್ಲರೂ ತಪ್ಪುವುದು ಅಲ್ಲೇ. ನಾನೂ ತಪ್ಪಿದೆ. ಅವರು ಹಾಳೆಯನ್ನು ನಾಲ್ಕಾಗಿ ಹರಿದು, ನನ್ನ ಟಿಫಿನ್ ಡಬ್ಬಿಯ ಮುಚ್ಚಳ ತೆಗೆದು, ಚಿತ್ರಾನ್ನದ ಮೇಲೆ ಹಾಕಿದರು. "ಇನ್ನು ತಿನ್ನು" ಎಂದರು. ಮರುದಿನದಿಂದ ಇನ್ನೂರು ಲೆಕ್ಕ. ಒಂದೊಂದೂ ಸರಿಬರುವವರೆಗೆ ಊಟಕ್ಕೆ ಬಿಡಲಿಲ್ಲ. ಈಗ ನಿದ್ದೆಗಣ್ಣಿನಲ್ಲಿ ಕೇಳಿದರೂ ನಾನು ಎದುರಿನ ತೋಳನ್ನೇ ಹಿಡಿಯುತ್ತೇನೆ.

ಪಾಲಿಶ್ ಕಲಿಸಿದ್ದೂ ಹೀಗೆಯೇ. ಲೋಹದ ಚೂರನ್ನು ಒರಟು ಕಾಗದದಿಂದ ನಯದ ಕಾಗದಕ್ಕೆ ಒಂದೊಂದಾಗಿ ದಾಟಿಸುತ್ತಾ, ಪ್ರತಿ ಸಲ ದಿಕ್ಕು ಬದಲಿಸಿ ಉಜ್ಜಿ, ಕೊನೆಗೆ ಮಕಮಲ್ಲಿನ ಬಟ್ಟೆಯ ಮೇಲೆ ಕನ್ನಡಿ ಮಾಡಬೇಕು. ಒಂದು ಗೀರು ಉಳಿದರೂ ಚೂರನ್ನು ಸಿಮೆಂಟು ನೆಲದ ಮೇಲೆ ಎಸೆದು, "ಮೊದಲಿಂದ" ಎನ್ನುತ್ತಿದ್ದರು. ನನ್ನ ಬೆರಳಿನ ತುದಿ ಕಿತ್ತು ರಕ್ತ ಬಂದಾಗ ಅವರು ನೋಡಿದ್ದು ಬೆರಳನ್ನಲ್ಲ. ರಕ್ತ ಕಾಗದ ಕೆಡಿಸುತ್ತೆ, ತೊಳೆದುಕೊಂಡು ಬಾ ಎಂದರು.

ಎರಡನೆಯ ವರ್ಷದಿಂದ ಮೈಕ್ರೋಸ್ಕೋಪಿನ ಮುಂದೆ ನಾನೇ ಕೂರತೊಡಗಿದೆ. ಅವರು ಪಕ್ಕದಲ್ಲಿ ಕಣ್ಣುಮುಚ್ಚಿ ಕೂತು, "ಹೇಳು" ಎನ್ನುತ್ತಿದ್ದರು. ನಾನು ಕಂಡದ್ದೆಲ್ಲ ಹೇಳಬೇಕು. ಕೊಂಬೆ ಎಷ್ಟು ದಪ್ಪ, ಸೂಜಿ ಎಷ್ಟು ಉದ್ದ, ತುದಿ ಮೊಂಡೋ ಚೂಪೋ. "ಚೆನ್ನಾಗಿದೆ ಅಂದ್ರೆ ಏನರ್ಥ? ನಿಂಗೆ ಮದುವೆ ಗಂಡು ತೋರಿಸ್ತಾ ಇಲ್ಲ ನಾನು. ಬಿಡಿಸಿ ಹೇಳು." ಹೇಳಿ ಹೇಳಿ ನನ್ನ ಮಾತು ಸೂಜಿಯಷ್ಟೇ ಚೂಪಾಯಿತು. ಕೊನೆಗೆ ವರದಿ ಬರೆದು, ಸೈನ್ ಮಾಡುವ ಜಾಗದಲ್ಲಿ ಬೆರಳಿಡುತ್ತಿದ್ದೆ. ಅವರು ಸೈನ್ ಹಾಕುತ್ತಿದ್ದರು. ಇಷ್ಟು ಕಠಿಣವಾಗಿ ನನಗೊಬ್ಬಳಿಗೇ ಕಲಿಸುತ್ತಿದ್ದಾರೆಂದರೆ ನನ್ನಲ್ಲಿ ಏನೋ ಕಂಡಿರಬೇಕು ಅಂದುಕೊಂಡಿದ್ದೆ. ಬೈಗುಳವನ್ನೂ ಆಶೀರ್ವಾದದ ಹಾಗೆ ಮನೆಗೆ ಹೊತ್ತುಕೊಂಡು ಹೋಗುತ್ತಿದ್ದೆ.

ನಾಲ್ಕನೆಯ ವರ್ಷದ ಒಂದು ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಅಣ್ಣ ಫೋನು ಮಾಡಿದ. ಅಪ್ಪನಿಗೆ ಎದೆನೋವು, ದೇವನಹಳ್ಳಿ ಆಸ್ಪತ್ರೆಗೆ ಸೇರಿಸಿದ್ದೇವೆ, ಬೇಗ ಬಾ ಎಂದ. ನಾನು ಬ್ಯಾಗು ಹಿಡಿದುಕೊಂಡೇ ಸಾರ್ ಮುಂದೆ ನಿಂತೆ.

"ನಾಲ್ಕು ಸ್ಯಾಂಪಲ್ ಇದೆ" ಎಂದರು.

"ಸಾರ್, ಅಣ್ಣ ಅಳ್ತಾ ಇದ್ದ."

"ಅಳೋಕೆ ಅವನಿದಾನಲ್ಲ. ನೀನೇನು ಡಾಕ್ಟ್ರಾ? ಹೋಗಿ ಏನ್ ಮಾಡ್ತೀಯ? ನಾಲ್ಕೂ ಮುಗಿಸಿ ಹೋಗು. ಸಂಜೆ ಲಾರಿ ಹೊರಡ್ಬೇಕು."

"ಪಾಲಿಶ್ ಮಾಡಿ ಇಟ್ಟು ಹೋಗ್ತೀನಿ ಸಾರ್. ನೀವೇ ಒಂದ್ಸಲ ನೋಡ್ಬಿಡಿ."

ಅವರು ಬಹಳ ಮೆಲ್ಲಗೆ, "ನಾನೇ ನೋಡೋದಾದ್ರೆ ನೀನ್ಯಾಕೆ ಇಲ್ಲಿ? ಈಗ ಹೋಗೋದಾದ್ರೆ ಹೋಗು. ಸೋಮವಾರ ಬರ್ಬೇಡ" ಎಂದರು.

ಆ ಕೆಲಸ ಹೋದರೆ ಮನೆಯವರು ಮದುವೆ ಮಾಡಿ ಕಳಿಸುತ್ತಾರೆಂಬ ಭಯ ನನಗಿತ್ತು. ಬ್ಯಾಗು ಕೆಳಗಿಟ್ಟೆ. ನಾಲ್ಕು ಚೂರು ಉಜ್ಜಿದೆ. ನಾಲ್ಕನ್ನೂ ನೋಡಿ ಹೇಳಿದೆ. ಎರಡೂವರೆಗೆ ಗೇಟು ದಾಟಿದೆ. ಅಪ್ಪನನ್ನು ಅಷ್ಟರಲ್ಲಿ ಬೆಂಗಳೂರಿಗೆ ಸಾಗಿಸುತ್ತಿದ್ದರಂತೆ. ಆಂಬ್ಯುಲೆನ್ಸಿನಲ್ಲೇ ಹೋಗಿಬಿಟ್ಟರು. ನಾನು ಬಸ್ಸಿನಲ್ಲಿ ನಿಂತಿದ್ದಾಗ ಅಣ್ಣನ ಫೋನು ಬಂತು. ಅವನು ಬೈಯಲಿಲ್ಲ. "ಅವಳು ಬಂದ್ಲಾ ಅಂತ ಎರಡ್ ಸಲ ಕೇಳಿದ್ರು ಕಣೇ" ಎಂದ ಅಷ್ಟೆ.

ಕಾರ್ಯ ಎಲ್ಲ ಮುಗಿಸಿ ಎರಡು ವಾರದ ಮೇಲೆ ಕೆಲಸಕ್ಕೆ ಹೋದೆ. ಲ್ಯಾಬ್ ಸಾರ್ ಅಪ್ಪನ ಬಗ್ಗೆ ಒಂದು ಮಾತೂ ಆಡಲಿಲ್ಲ. "ಸ್ಯಾಂಪಲ್ ಎಲ್ಲ ಹಾಗೇ ಇದೆ, ಶುರು ಮಾಡು" ಎಂದರು. ಮೇಜಿನ ಮೇಲೆ ಎರಡು ವಾರದ ಚೂರುಗಳು ಚೀಟಿ ಕಟ್ಟಿಸಿಕೊಂಡು ಸಾಲಾಗಿ ಕೂತಿದ್ದವು. ಮೈಕ್ರೋಸ್ಕೋಪಿನ ಬಲ್ಬು ಹೋಗಿದೆ ಎಂದು ಮ್ಯಾನೇಜರಿಗೆ ಹೇಳಿ, ಬರೀ ರಾಸಾಯನಿಕ ಪರೀಕ್ಷೆಯ ಯಂತ್ರದ ಮೇಲೆ ದಿನ ತಳ್ಳಿದ್ದರಂತೆ. ಹೊಸ ಬಲ್ಬಿನ ಡಬ್ಬಿ ಒಡೆಯದೆ ಪಕ್ಕದಲ್ಲೇ ಇತ್ತು. ನಾನು ಹಾಗೇ ಸ್ವಿಚ್ಚು ಹಾಕಿ ನೋಡಿದೆ. ಹಳೇ ಬಲ್ಬು ಚೆನ್ನಾಗಿಯೇ ಉರಿಯಿತು.

ಅವತ್ತಿನಿಂದ ನಾನು ಚೂರುಗಳನ್ನು ಬಿಟ್ಟು ಅವರನ್ನು ನೋಡತೊಡಗಿದೆ. ಟೀ ಲೋಟವನ್ನು ಹಿಡಿಯುವ ಮುಂಚೆ ಮೇಜಿನ ಅಂಚನ್ನು ಕೈಯಿಂದ ಸವರುತ್ತಿದ್ದರು. ಬಾಗಿಲಲ್ಲಿ ಯಾರಾದರೂ ನಿಂತರೆ ಅವರು ಮಾತಾಡುವವರೆಗೆ ತಾವೂ ಮಾತಾಡುತ್ತಿರಲಿಲ್ಲ. ಲ್ಯಾಬಿನಿಂದ ಗೇಟಿಗೆ ಹೋಗುವಾಗ ತುಟಿ ಅಲ್ಲಾಡುತ್ತಿತ್ತು. ಹೆಜ್ಜೆ ಎಣಿಸುತ್ತಿದ್ದರು. ಸಕ್ಕರೆ ಕಾಯಿಲೆ ಇದೆ ಎಂದು ಎಲ್ಲರಿಗೂ ಗೊತ್ತಿತ್ತು. ಅದು ವರ್ಷದಿಂದ ವರ್ಷಕ್ಕೆ ಕಣ್ಣಿಗೆ ಇಳಿಯುತ್ತಾ ಬಂದದ್ದು ಯಾರಿಗೂ ಗೊತ್ತಿರಲಿಲ್ಲ.

ಖಾತ್ರಿ ಮಾಡಿಕೊಳ್ಳಬೇಕಿತ್ತು. ಒಂದು ಮಧ್ಯಾಹ್ನ ಮೈಕ್ರೋಸ್ಕೋಪಿನಿಂದ ಚೂರನ್ನು ತೆಗೆದು ಜೇಬಿಗೆ ಹಾಕಿಕೊಂಡೆ. ಅಲ್ಲಿ ಏನೂ ಇರಲಿಲ್ಲ, ಬರೀ ಬೆಳಕು. "ಸಾರ್, ಇದು ನಂಗೆ ಗೊತ್ತಾಗ್ತಾ ಇಲ್ಲ. ನೀವೇ ಒಂದ್ಸಲ ನೋಡಿ" ಎಂದೆ.

ಅವರು ಕಣ್ಣಿಟ್ಟರು. ಬಹಳ ಹೊತ್ತು ಇಟ್ಟರು. ಚಕ್ರ ತಿರುಗಿಸಿ ಸರಿಮಾಡುವ ಹಾಗೆ ಮಾಡಿದರು. ಆಮೇಲೆ ತಲೆ ಎತ್ತಿ, "ಪಾಲಿಶ್ ಪರವಾಗಿಲ್ಲ. ನೀನು ಏನ್ ಕಂಡೆ, ಅದನ್ನ ಮೊದ್ಲು ಹೇಳು" ಎಂದರು.

ಕ್ಯಾಲೆಂಡರು, "ಬಿಡಿಸಿ ಹೇಳು", ಸೈನಿನ ಜಾಗದಲ್ಲಿ ಬೆರಳು, ಎಲ್ಲ ಒಂದರ ಹಿಂದೆ ಒಂದು ಅರ್ಥವಾಯಿತು. ಅವರು ಒಬ್ಬ ಶಿಷ್ಯೆಯನ್ನು ಹುಡುಕಿರಲಿಲ್ಲ. ಒಂದು ಜೊತೆ ಕಣ್ಣು ಹುಡುಕಿದ್ದರು. ಆ ಶನಿವಾರ ನನ್ನನ್ನು ಕಟ್ಟಿಹಾಕಿದ್ದು ಲಾರಿಗಾಗಿಯೂ ಅಲ್ಲ. ತಮಗೆ ಕಾಣುವುದಿಲ್ಲ ಎಂಬುದು ಹೊರಗೆ ಬೀಳದಿರಲಿ ಅಂತ ನನ್ನಪ್ಪನ ಕೊನೆಯ ಮೂರೂವರೆ ಗಂಟೆಯನ್ನು ತೆಗೆದುಕೊಂಡಿದ್ದರು.

ಯಾರಿಗೂ ಹೇಳಲಿಲ್ಲ ನಾನು. ಕಾದೆ.

ತಿಂಗಳೊಳಗೆ ಆ ದಿನ ಬಂತು. ರಾಸಾಯನಿಕ ಪರೀಕ್ಷೆಯ ಯಂತ್ರಕ್ಕೆ ಬೇಕಾದ ಗ್ಯಾಸು ಮುಗಿದು ಎರಡು ದಿನವಾಗಿತ್ತು. ಅಂಥ ಹೊತ್ತಿನಲ್ಲಿ ನಮಗೆ ಎರಡೇ ದಾರಿ. ಒಂದು, ಲೋಹ ತಣ್ಣಗಾಗುವಾಗ ಶಾಖ ಇಳಿಯುವುದನ್ನು ಗೆರೆಯಾಗಿ ಬರೆದುಕೊಡುವ ಯಂತ್ರ. ಗಟ್ಟಿಯಾಗಲು ಶುರುವಾದಾಗ ಆ ಗೆರೆ ಒಂದು ಕ್ಷಣ ತಡೆಯುತ್ತದೆ. ಇನ್ನೊಂದು ಮೈಕ್ರೋಸ್ಕೋಪು. ಶಿಫ್ಟು ಬದಲಾಗುವಾಗ ಲೋಹ ಕರಗಿಸುವ ಎರಡನೇ ಫರ್ನೇಸಿಗೆ ಯಾರೋ ಸಿಲಿಕಾನ್ ಎರಡು ಸಲ ಹಾಕಿಬಿಟ್ಟಿದ್ದರು. ಚೂರು ಉಜ್ಜಿ ಕಣ್ಣಿಟ್ಟ ತಕ್ಷಣ ನನಗೆ ಕಂಡಿತು. ಬೂದು ಕಲ್ಲುಗಳು, ದಪ್ಪದಪ್ಪ, ಜಲ್ಲಿ ಸುರಿದ ಹಾಗೆ.

"ಗೆರೆ ಓದು" ಎಂದರು ಸಾರ್.

ಕಾಗದ ನೋಡಿ ಇದ್ದದ್ದನ್ನೇ ಓದಿದೆ. "ಆರುನೂರ ಹತ್ತರ ಹತ್ರ ಒಂದು ಸಣ್ಣ ತಡೆ ಇದೆ ಸಾರ್. ಆಮೇಲೆ ಐನೂರ ಎಪ್ಪತ್ತೇಳರಲ್ಲಿ ದೊಡ್ಡದು."

"ಮೈಕ್ರೋಸ್ಕೋಪಲ್ಲಿ ಏನಿದೆ ಹೇಳು."

"ಬರೀ ನೇಯ್ಗೆ ಸಾರ್. ಸಣ್ಣ ಸೂಜಿ. ಕಲ್ಲಿಲ್ಲ, ಕೊಂಬೆ ಇಲ್ಲ."

ಅವರ ಕೈ ಮೇಜಿನ ಮೇಲೆ ನಿಂತುಹೋಯಿತು. ಹೊರಗೆ ಅಚ್ಚಿನ ಯಂತ್ರಗಳು ಧಡ್ ಧಡ್ ಅನ್ನುತ್ತಿದ್ದವು. ಅವರು ನನ್ನ ಕಡೆ ಮುಖ ತಿರುಗಿಸಿದರು, ಸರಿಯಾಗಿ ನನ್ನ ಕಡೆಗಲ್ಲ, ನನ್ನ ಭುಜದಾಚೆಗೆ.

"ಇನ್ನೊಂದ್ಸಲ ನೋಡಿ ಹೇಳು."

ನಾನು ಮೈಕ್ರೋಸ್ಕೋಪಿನ ಹತ್ತಿರವೂ ಹೋಗಲಿಲ್ಲ. ಸ್ಟೂಲು ಎಳೆದ ಸದ್ದು ಮಾಡಿದೆ, ಅಷ್ಟೆ. "ನೋಡ್ದೆ ಸಾರ್. ಬರೀ ನೇಯ್ಗೆ."

"ಸರಿ. ಬರಿ" ಎಂದರು.

ಬರೆದೆ. ಬೆರಳಿಟ್ಟೆ. ಸೈನ್ ಹಾಕಿದರು. ನಿಜ ಹೇಳಿದ್ದರೆ ಏನೂ ಆಗುತ್ತಿರಲಿಲ್ಲ. ಒಂದಿಷ್ಟು ಅಲ್ಯೂಮಿನಿಯಂ ಗಟ್ಟಿ ಹಾಕಿ ಅರ್ಧ ಗಂಟೆಯಲ್ಲಿ ಸರಿಮಾಡಬಹುದಿತ್ತು. ಆ ದಿನ ನಾನು ಊಟ ಚೆನ್ನಾಗಿ ಮಾಡಿದೆ. ಅದನ್ನೂ ಬರೆಯಬೇಕು.

ಬೈಕ್ ಕಂಪನಿಯಿಂದ ಮಾಲು ವಾಪಸ್ಸು ಬರಲು ಹದಿನೈದು ದಿನ ಹಿಡಿಯಿತು. ಬೋಲ್ಟು ಬಿಗಿಯುವಾಗಲೇ ಆ ಲೋಹದಲ್ಲಿ ಮಾಡಿದ ಬ್ರಾಕೆಟ್ಟುಗಳು ಪಟಪಟನೆ ಒಡೆದವಂತೆ. ಇಡೀ ಲಾರಿ ತಿರುಗಿ ಬಂತು. ಜೊತೆಗೆ ಹೊರಗಿನ ಲ್ಯಾಬಿನಲ್ಲಿ ತೆಗೆಸಿದ ಫೋಟೋ, ಒಂದು ಕಾಗದ. ಮ್ಯಾನೇಜರ್ ರೂಮಿನಲ್ಲಿ ಆರೇಳು ಜನ ಸೇರಿದ್ದರು. ನನ್ನನ್ನೂ ಕರೆದಿದ್ದರು.

"ಈ ಸ್ಯಾಂಪಲ್ ನೋಡಿದ್ದು ಯಾರು?" ಎಂದು ಮ್ಯಾನೇಜರ್ ಕೇಳಿದರು.

ಲ್ಯಾಬ್ ಸಾರ್, "ನಾನೇ. ಸೈನ್ ನಂದೇ ಇದೆಯಲ್ಲ" ಎಂದರು.

"ಹಾಗಾದ್ರೆ ಇದಕ್ಕೆ ಏನಂತೀರಾ?" ಮ್ಯಾನೇಜರ್ ಕಾಗದವನ್ನು ಮೇಜಿನ ಮೇಲೆ ಅವರ ಕಡೆ ಸರಿಸಿದರು. ಅದು ತಲೆಕೆಳಗಾಗಿ ಹೋಯಿತು. ಬೇಕಂತ ಮಾಡಿದ್ದಲ್ಲ. ಸಾರ್ ಅದನ್ನು ಬೆರಳಿನಿಂದ ಹುಡುಕಿ, ಎತ್ತಿಕೊಂಡು, ತಲೆಕೆಳಗಾಗಿಯೇ ಮುಖದ ಮುಂದೆ ಹಿಡಿದರು. ಅವರ ಹಿಂದೆಯೇ ನಿಂತಿದ್ದೆ ನಾನು. ಅಕ್ಷರಗಳೆಲ್ಲ ತಲೆಕೆಳಗಾಗಿರುವುದು ನನಗೆ ಕಾಣುತ್ತಿತ್ತು. ಕೈ ಚಾಚಿದರೆ ತಿರುಗಿಸಬಹುದಿತ್ತು.

ಮ್ಯಾನೇಜರ್ ತಲೆ ಎತ್ತಿದರು. "ಮೊದ್ಲನೇ ಸಾಲು ಓದಿ ಸಾರ್" ಎಂದರು.

ಲ್ಯಾಬ್ ಸಾರ್ ಗಂಟಲು ಸರಿಮಾಡಿಕೊಂಡು, "ದಿನಾಂಕ. ಫರ್ನೇಸ್ ಸಂಖ್ಯೆ ಎರಡು. ಸ್ಯಾಂಪಲ್ ತೆಗೆದ ಸಮಯ" ಎಂದು ಶುರು ಮಾಡಿದರು. ನಮ್ಮ ಲ್ಯಾಬಿನ ವರದಿಗಳೆಲ್ಲ ಹಾಗೆಯೇ ಶುರುವಾಗುವುದು. ಅವರ ಕೈಯಲ್ಲಿದ್ದದ್ದು ನಮ್ಮ ವರದಿಯಲ್ಲ, ಮಾಲು ವಾಪಸ್ಸು ಕಳಿಸಿದವರ ಪತ್ರ.

ಯಾರೋ ನಕ್ಕರು. ಸಣ್ಣ ನಗು, ತಡೆದುಕೊಳ್ಳಲಾಗದೆ ಬಂದದ್ದು. ಅದು ಇನ್ನಿಬ್ಬರಿಗೆ ಹತ್ತಿತು. ಸಾರ್ ಓದುವುದನ್ನು ನಿಲ್ಲಿಸಿ ಕಾಗದವನ್ನು ಬಹಳ ನಾಜೂಕಾಗಿ ಮೇಜಿನ ಮೇಲಿಟ್ಟರು. ಎಷ್ಟು ವರ್ಷದಿಂದ ಹೀಗೆ ಎಂದು ಮ್ಯಾನೇಜರ್ ಕೇಳಿದರು. ಅವತ್ತೇ ಮಧ್ಯಾಹ್ನ ಅವರನ್ನು ಮನೆಗೆ ಕಳಿಸಿದರು.

ಹೋಗುವಾಗ ಅವರು ಯಾರ ಕೈಯನ್ನೂ ಹಿಡಿಯಲಿಲ್ಲ. ಎಂದಿನ ಹಾಗೆ ತುಟಿ ಅಲ್ಲಾಡಿಸುತ್ತಾ ಹೆಜ್ಜೆ ಎಣಿಸಿಕೊಂಡು ಹೊರಟರು. ವಾಪಸ್ಸು ಬಂದ ಬ್ರಾಕೆಟ್ಟುಗಳ ಟ್ರಾಲಿಯನ್ನು ಅವರ ದಾರಿಗೆ ಅಡ್ಡವಾಗಿ ನಿಲ್ಲಿಸಿದ್ದರು. ನಾನು ಲ್ಯಾಬಿನ ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಹತ್ತು ಹೆಜ್ಜೆ ಇತ್ತು, ಐದು ಇತ್ತು. ಒಂದು ಸಲ ಸಾರ್ ಅಂತ ಕೂಗಿದ್ದರೆ ಸಾಕಿತ್ತು. ಅವರ ಪಾದ ಕಬ್ಬಿಣಕ್ಕೆ ಹೊಡೆಯಿತು. ಟ್ರಾಲಿಯ ಮೇಲೆಯೇ ಮುಗ್ಗರಿಸಿ, ಸಾವರಿಸಿಕೊಂಡು ಎದ್ದು, ಕೈಯಿಂದ ಒಂದು ಬ್ರಾಕೆಟ್ಟನ್ನು ತಡವಿ ನೋಡಿದರು. ಒಡೆದ ಅಂಚಿನ ಮೇಲೆ ಹೆಬ್ಬೆರಳು ಎರಡು ಸಲ ಓಡಿಸಿ ಅದನ್ನು ಅಲ್ಲೇ ಇಟ್ಟರು. ಆಮೇಲೆ ಟ್ರಾಲಿಯನ್ನು ಸುತ್ತಿಹೋಗಲು ಹೋಗಿ ಎಣಿಕೆ ತಪ್ಪಿ, ಗೇಟು ಯಾವ ಕಡೆ ಎಂದು ತಿಳಿಯದೆ ಬಿಸಿಲಲ್ಲಿ ನಿಂತುಬಿಟ್ಟರು. ಕೊನೆಗೆ ಸೆಕ್ಯೂರಿಟಿಯವನು ಬಂದು ಕರೆದುಕೊಂಡು ಹೋದ.

ಲ್ಯಾಬು ನನ್ನ ಕೈಗೆ ಬಂತು.

ಎಂಟು ತಿಂಗಳ ಮೇಲೆ ನಾನೊಂದು ತೊಡಕಿಗೆ ಸಿಕ್ಕಿಕೊಂಡೆ. ತಣ್ಣಗಾಗುವ ಗೆರೆ ಐನೂರ ಎಪ್ಪತ್ತೇಳರಲ್ಲಿ ತಡೆಯುವ ಬದಲು ಎಂಟೊಂಬತ್ತು ಡಿಗ್ರಿ ಕೆಳಗೆ ತಡೆಯತೊಡಗಿತು. ಯಂತ್ರ ಕೆಟ್ಟಿದೆ ಅಂತ ಅದರ ಶಾಖ ಅಳೆಯುವ ತಂತಿ ಬದಲಿಸಿದೆ. ಹಾಗೇ ಬಂತು. ಮ್ಯಾನೇಜರ್ ದಿನಾ ಕೇಳುತ್ತಿದ್ದರು. ಈ ಭಾಗದಲ್ಲಿ ಅದಕ್ಕೆ ಉತ್ತರ ಗೊತ್ತಿರುವವರು ಒಬ್ಬರೇ ಅಂತ ನನಗೆ ಗೊತ್ತಿತ್ತು. ನಾಚಿಕೆಬಿಟ್ಟು ಹೋದೆ.

ದೊಡ್ಡಬಳ್ಳಾಪುರದ ನೇಕಾರರ ಬೀದಿಯೊಂದರಲ್ಲಿ ಅವರ ಬಾಡಿಗೆ ಮನೆ. ಎರಡೂ ಪಕ್ಕ ಪವರ್‌ಲೂಮುಗಳ ಸದ್ದು. ಮದುವೆಯಾದವರಲ್ಲ. ಗಂಡ ತೀರಿಕೊಂಡ ಅಕ್ಕ ಜೊತೆಗಿದ್ದರು. ಅಕ್ಕ ನನ್ನನ್ನು ಒಳಗೆ ಕೂರಿಸಿ, "ಮಾತಾಡ್ತಿರಮ್ಮ, ಹಾಲು ತರ್ತೀನಿ" ಎಂದು ಹೊರಗೆ ಹೋದರು. ಸಾರ್ ಮಂಚದ ಮೇಲೆ ಕೂತಿದ್ದರು. ಒಂದು ಕಾಲಿನ ಎರಡು ಬೆರಳು ತೆಗೆದುಹಾಕಿದ್ದರು. ಕಾರ್ಖಾನೆಯಲ್ಲಿ ಪಾದಕ್ಕಾದ ಗಾಯ ಮಾಯದೆ ಕೊಳೆತದ್ದು ಎಂದು ಅಕ್ಕ ಬಾಗಿಲಲ್ಲೇ ಹೇಳಿದ್ದರು.

"ಏನು ಕುಂದಾಣ" ಎಂದರು, ನಾನು ಬಾಯಿ ತೆರೆಯುವ ಮುಂಚೆಯೇ. ಹೇಗೆ ಗೊತ್ತಾಯಿತೋ ಕೇಳಲಿಲ್ಲ. ಬಂದ ಕೆಲಸ ಹೇಳಿದೆ.

ಅವರಿಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ. "ಸೂಜಿ ನಯ ಆಗ್ಲಿ ಅಂತ ಈಗ ಏನೋ ಹೊಸದು ಹಾಕ್ತಿದಾರೆ, ಅಲ್ವಾ? ಅದು ಹಾಕಿದ್ರೆ ತಡೆ ಕೆಳಗಿಳಿಯುತ್ತೆ. ಯಂತ್ರ ಸರಿಯಾಗೇ ಇದೆ. ಗೋಡೆ ಮೇಲಿನ ಚಿತ್ರ ಬರೀ ಎರಡು ಲೋಹಕ್ಕೆ, ಅದೂ ಆತುರ ಇಲ್ಲದೆ ತಣ್ಣಗಾಗೋ ಲೋಹಕ್ಕೆ ಬರ್ದಿರೋದು. ನಿಮ್ಮಲ್ಲಿ ಆತುರ ಇಲ್ದೆ ಇರೋದು ಯಾವ್ದಿದೆ?"

ಬರೆದುಕೊಂಡೆ. ಏಳಬೇಕು ಅನ್ನುವಷ್ಟರಲ್ಲಿ ಅವರೇ ಮಾತು ತೆಗೆದರು.

"ಆವತ್ತು ನೀನು ಸುಳ್ಳು ಹೇಳಿದ್ದು ನಂಗೆ ಆಗ್ಲೇ ಗೊತ್ತಾಯ್ತು."

ನಾನು ಪೆನ್ನಿನ ಮುಚ್ಚಳ ಹಾಕಿದೆ.

"ಆರುನೂರ ಹತ್ತರಲ್ಲಿ ಒಂದು ತಡೆ ಅಂತ ಓದ್ದೆ. ಅಂದ್ರೆ ಅಲ್ಲಿ ಏನೋ ಒಂದು ಮೊದ್ಲೇ ಗಟ್ಟಿಯಾಗಿದೆ. ಕೊಂಬೆನಾದ್ರೂ ಇರ್ಬೇಕು, ಕಲ್ಲಾದ್ರೂ ಇರ್ಬೇಕು. ಎರಡೂ ಇಲ್ಲ ಅಂದೆ. ಆ ಚಿತ್ರದಲ್ಲಿ ಅಂಥ ಜಾಗಾನೇ ಇಲ್ಲ. ನಾಲ್ಕು ವರ್ಷ ಕಲಿಸಿದ್ದಕ್ಕೆ ಸುಳ್ಳನ್ನಾದ್ರೂ ಸರಿಯಾಗಿ ಹೇಳ್ಬೇಕಿತ್ತು."

"ಗೊತ್ತಿದ್ದೂ ಸೈನ್ ಯಾಕೆ ಹಾಕಿದ್ರಿ ಸಾರ್?"

"ಸುಳ್ಳು ಅಂದಿದ್ರೆ, ಹಾಗಾದ್ರೆ ನೀವೇ ನೋಡಿ ಅನ್ನೋಳು ನೀನು. ಅದಕ್ಕೇ ಅಲ್ವಾ ಹೇಳಿದ್ದು?"

ಅದಕ್ಕೇ. ಆದರೆ ಅದನ್ನು ಒಪ್ಪಿಕೊಳ್ಳುವ ಧೈರ್ಯ ನನಗಿರಲಿಲ್ಲ. "ನಮ್ಮಪ್ಪ ಸತ್ತ ದಿನ ನೀವು ನನ್ನ ಬಿಡ್ಲಿಲ್ಲ" ಎಂದೆ.

"ಬಿಡ್ಲಿಲ್ಲ" ಎಂದರು. ಎರಡೂ ಪಕ್ಕದ ಮಗ್ಗಗಳು ಬಡಿದುಕೊಳ್ಳುತ್ತಲೇ ಇದ್ದವು. "ನಂಗೆ ಕ್ಷಮೆ ಕೇಳಿ ಅಭ್ಯಾಸ ಇಲ್ಲ. ನಾನು ಕೇಳಿದ್ರೆ ನೀನೂ ಕೇಳ್ಬೇಕಾಗುತ್ತೆ. ಇಬ್ರಿಗೂ ಬೇಡ ಅದು. ಹೋಗು, ಬಸ್ಸು ತಪ್ಪುತ್ತೆ."

ಎದ್ದು ಬಂದೆ. ಮತ್ತೆ ಹೋಗಲಿಲ್ಲ. ಹೋಗಬೇಕು ಎಂದು ಎಷ್ಟೋ ಸಲ ಅನ್ನಿಸಿದರೂ ಕಾರ್ಖಾನೆಯಲ್ಲಿ ಆಮೇಲೆ ಅಂಥ ತೊಡಕು ಯಾವುದೂ ಬರಲಿಲ್ಲ. ಅವರಿಂದ ಬೇಕಾದದ್ದೆಲ್ಲ ಕಲಿತಾಗಿತ್ತು.

ಕಳೆದ ವರ್ಷ ತೀರಿಕೊಂಡರು. ಸೆಕ್ಯೂರಿಟಿಯವನು ಹೇಳಿ ನನಗೆ ತಿಳಿಯಿತು. ಕಾರ್ಖಾನೆಯಿಂದ ಯಾರೂ ಹೋಗಲಿಲ್ಲ. ನಾನೂ ಮಣ್ಣಿಗೆ ಹೋಗಲಿಲ್ಲ. ಎರಡು ದಿನ ಬಿಟ್ಟು ಹೋದೆ. ಅಕ್ಕ ಒಬ್ಬರೇ ಇದ್ದರು. ಮಂಚ ಮಡಿಸಿ ಗೋಡೆಗೆ ಒರಗಿಸಿದ್ದರು. ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, ಬೇಡವೆಂದರೂ ಕಾಫಿ ಮಾಡಿ ಕೊಟ್ಟರು.

"ಇಷ್ಟು ವರ್ಷದಲ್ಲಿ ಅವನನ್ನ ಹುಡುಕ್ಕೊಂಡು ಬಂದೋಳು ನೀನೊಬ್ಳೇ ಕಣಮ್ಮ" ಎಂದರು. "ಬಾಯಿ ಕೆಟ್ಟದ್ದು ಅವನ್ದು. ಯಾರಿಗೂ ಒಳ್ಳೇ ಮಾತು ಆಡ್ದೋನಲ್ಲ. ಆದ್ರೆ ಕೆಲ್ಸದಲ್ಲಿ ತಪ್ಪಿದೋನಲ್ಲ."

"ಇಲ್ಲಮ್ಮ, ತಪ್ಪಿದೋರಲ್ಲ."

"ಕಣ್ಣು ಕಾಣ್ದೆ ಸೈನ್ ಹಾಕಿದ್ದು ಅವನ ತಪ್ಪೇ. ಆದ್ರೆ ಯಾರೋ ಬೇಕಂತ್ಲೇ ತಪ್ಪು ಓದಿ ಹೇಳಿದ್ರಂತೆ. ಯಾರು ಅಂತ ಎಷ್ಟು ಕೇಳಿದ್ರೂ ಬಾಯಿ ಬಿಡ್ಲಿಲ್ಲ. ಸಾಯೋ ವಾರದಲ್ಲೂ ಕೇಳ್ದೆ. ಅದೆಲ್ಲ ನಿನಗ್ಯಾಕೆ ಅಂದ." ಅಕ್ಕ ನನ್ನ ಮುಖವನ್ನೇ ನೋಡಿದರು. ವಯಸ್ಸಾಗಿದ್ದರೂ ಅವರ ಕಣ್ಣು ಚೆನ್ನಾಗಿತ್ತು. "ನೀನು ಅಲ್ಲೇ ಇದ್ಯಲ್ಲ ತಾಯಿ. ನಿಂಗಾದ್ರೂ ಗೊತ್ತಾ ಅದ್ಯಾರು ಅಂತ?"

ಲೋಟ ಕೆಳಗಿಟ್ಟು, ಅವರ ಕಣ್ಣಲ್ಲಿ ಕಣ್ಣಿಟ್ಟು, "ಗೊತ್ತಿಲ್ಲಮ್ಮ" ಎಂದೆ.

ಅಕ್ಕ ನಂಬಿದರು. ನನ್ನ ತಲೆಯ ಮೇಲೆ ಕೈಯಿಟ್ಟು, "ಚೆನ್ನಾಗಿರು" ಎಂದರು.